ಅಕ್ಕನ ಕೈ ಯಾರದ್ದು?

ಕೋಡಿ, ಕುಂದಾಪುರ
12 ಜೂನ್ 2016

ಭೋಜ,

ಇದು ಕೈಗೆ ಸಿಕ್ಕಿದ ಕೂಡಲೇ ಊರಿನ ಬಸ್ಸು ಹತ್ತು. ನಿನ್ನೆ ಕಡಲು ನಿನ್ನ ಹಿತ್ತಿಲಿಗೆ ನುಗ್ಗಿತು. ಪಡುಬದಿಯ ತೆಂಗಿನ ಮರಗಳು ಮಲಗಿದವು, ಬಾವಿಕಟ್ಟೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಮುತ್ತನ ದೋಣಿ ತೇಲಿ ಬಂದು ನಿನ್ನ ಜಗಲಿಯ ಮೇಲೆ ನೆಂಟರ ಹಾಗೆ ಕೂತಿದೆ.

ಎದೆ ಹೊಡೆದುಕೊಂಡಿತಾ? ಸರಿ, ಈಗ ಒಂದು ಲೋಟ ನೀರು ಕುಡಿ. ಕಡಲು ಕಡಲಿನ ಜಾಗದಲ್ಲಿದೆ, ದೋಣಿ ದೋಣಿಯ ಜಾಗದಲ್ಲಿದೆ. ನಿನ್ನ ತೆಂಗಿನ ಮರದಿಂದ ಬಿದ್ದದ್ದು ಕಾಯಿ ಮಾತ್ರ, ಅದನ್ನೂ ನಾನು ಚಟ್ನಿ ಮಾಡಿ ಮುಗಿಸಿದೆ. ಹೀಗೆ ಶುರು ಮಾಡದಿದ್ದರೆ ನನ್ನ ಅಕ್ಷರ ಕಂಡ ಕೂಡಲೇ ನೀನು ಕಾಗದ ಹರಿದು ಹಾಕುತ್ತಿದ್ದೆ. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯಂತೆ. ಆದರೆ ಆ ಪೋಸ್ಟ್ ಬೇರೆ, ಈ ಪೋಸ್ಟ್ ಬೇರೆ ಮಾರಾಯ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ಬಟನ್ನು ಇನ್ನೂ ಬಂದಿಲ್ಲ.

ಮಾರ್ಚ್‌ನಲ್ಲಿ ಫೋನಿನಲ್ಲಿ ನಿನಗೊಂದು ಕೆಟ್ಟ ಶಬ್ದ ಅಂದೆ. ಆ ಶಬ್ದ ವಾಪಸ್ ತೆಗೆದುಕೊಂಡಿದ್ದೇನೆ, ಸಿಟ್ಟು ಮಾತ್ರ ಇಟ್ಟುಕೊಂಡಿದ್ದೇನೆ. ಯಾಕೆ ಅಂತ ಸಮಾಧಾನದಲ್ಲಿ ಹೇಳುತ್ತೇನೆ, ಕೇಳು.

ನಾಲ್ಕು ವರ್ಷದ ಹಿಂದೆ, ನೀನು ಮುಂಬೈ ಕಡೆಗೆ ಮಗಳ ಮನೆಗೆ ಹೋಗುವ ಮೊದಲು, ನಿನ್ನ ಅಕ್ಕ ಪ್ರಭಾವತಿ ಬದುಕಿದ್ದಾಗ, ಅವಳ ಮಸಾಲೆ ಹುಡಿಯನ್ನು ಫೇಸ್‌ಬುಕ್ಕಿಗೆ ಹಾಕುವ ಯೋಚನೆ ಬಂದದ್ದು ಅವಳ ಮಗಳು ಸುಗುಣಳಿಗೆ. ಪೇಜು ತೆರೆಯಲು ಅವಳಿಗೇ ಬರುತ್ತಿತ್ತು. ಆದರೂ ಏನು ಹೇಳಿದಳು ನೆನಪಿದೆಯಾ?

"ಮಾವ, ನಿಮ್ಮ್ ಕೈಯಗೇ ಶುರು ಆಯ್ಕ್. ನಿಮ್ಮ್ ಕೈಗುಣ ಯಾರಿಗಿತ್ತ್?"

ಅವಳದೂ ತಪ್ಪಲ್ಲ. ಬಚ್ಚನ ಸೈಕಲ್ ಅಂಗಡಿಯಲ್ಲಿ ಮೊದಲ ಟ್ಯೂಬು ಕೊಂಡವನು ನೀನು, ಇವತ್ತು ಅವನದು ಮೋಟಾರ್‌ಬೈಕಿನ ಶೋರೂಮು. ಮುತ್ತನ ದೋಣಿಯಿಂದ ಮೊದಲ ಬುಟ್ಟಿ ಬಂಗುಡೆ ಹೊತ್ತವನು ನೀನು, ಇವತ್ತು ಅವನಿಗೆ ಮೂರು ದೋಣಿ. ಕೋಡಿಯಲ್ಲಿ ಅಂಗಡಿ ಇಡುವವರೆಲ್ಲ ದೇವರ ಪಟಕ್ಕಿಂತ ಮೊದಲು ನಿನ್ನನ್ನು ಕರೆಯುತ್ತಿದ್ದರು. ಹಾಗಾಗಿ ಅವತ್ತೂ ನಿನ್ನ ಫೋನು, ನಿನ್ನ ಹೆಸರು, ನಿನ್ನ ಬೆರಳು. ಬರೆಯುವ, ಉತ್ತರ ಕೊಡುವ ಕೆಲಸ ಸುಗುಣಳದ್ದು. ಬೀಗದ ಕೈ ನಿನ್ನದು. ಅದು ನಮಗೆ ಯಾರಿಗೂ ತಲೆಗೇ ಹೋಗಲಿಲ್ಲ. ಬೋಣಿ ಮಾಡಿದವನು ಬೋಣಿ ಮಾಡಿ ಮನೆಗೆ ಹೋಗುತ್ತಾನೆ, ಇಷ್ಟೇ ನಮಗೆ ಗೊತ್ತಿದ್ದದ್ದು.

ಆಮೇಲೆ ಆದದ್ದನ್ನು ನೆನೆದರೆ ನನಗೆ ಈಗಲೂ ಮೈ ನವಿರೇಳುತ್ತದೆ. ಎಪ್ಪತ್ತೆರಡು ವರ್ಷದಲ್ಲಿ ನಾನು ತಮಾಷೆ ಮಾಡದ ವಸ್ತು ಇಲ್ಲ. ಇದರ ಮುಂದೆ ಮಾತ್ರ ನನ್ನ ಬಾಯಿ ಕಟ್ಟುತ್ತದೆ. ಪ್ರಭಾವತಕ್ಕ ತನ್ನ ಅಂಗಳದಲ್ಲಿ ಕೊತ್ತುಂಬರಿ ಹುರಿಯುತ್ತಾಳೆ, ಮಸ್ಕತ್ತಿನಲ್ಲಿ ಒಬ್ಬನ ಬಾಯಲ್ಲಿ ನೀರು ಬರುತ್ತದೆ. ಪರಿಮಳ ಹೋಗದ ಕಡೆಗೆ ಆಸೆ ಹೋಗುತ್ತದೆ! ಸೇರಿನಲ್ಲಿ ಅಳೆದದ್ದು ಕಡಿಮೆಯಾಗುತ್ತದೆ, ಶೇರ್ ಮಾಡಿದ್ದು ಹೆಚ್ಚಾಗುತ್ತದೆ. ಅಕ್ಕ ತೀರಿಹೋದಾಗ ಕಂಡು ಕೇಳದ ಜನ ಬರೆದರು. "ಅಮ್ಮಾ, ಮದುವೆಯಾದ ಹೊಸತರಲ್ಲಿ ನಿಮ್ಮ ಹುಡಿ ಇಲ್ಲದಿದ್ದರೆ ನಾನು ಉಪವಾಸ ಸಾಯುತ್ತಿದ್ದೆ" ಅಂತ ಒಬ್ಬ. "ನಿಮ್ಮ ಎಡಗೈಯ ಸುಟ್ಟ ಕಲೆ ನೋಡಿದರೆ ನಮ್ಮಮ್ಮನ ನೆನಪು" ಅಂತ ಇನ್ನೊಬ್ಬಳು. ಸತ್ತ ಮನೆಗೆ ಅಷ್ಟು ಜನ ಬಂದದ್ದನ್ನು ನಾನು ಕಂಡಿಲ್ಲ, ಅದೂ ಒಬ್ಬರೂ ಚಪ್ಪಲಿ ಬಿಡದೆ.

ಈ ಮಾರ್ಚ್‌ನಲ್ಲಿ ಸುಗುಣ ಫೋನು ಹಿಡಿದುಕೊಂಡು ನನ್ನ ಜಗಲಿಗೆ ಬಂದಳು.

"ಹ್ವಾಯ್ ಶೆಟ್ರೇ, ಇಲ್ಲ್ ಕಾಣಿ. ಇದ್ ಅಮ್ಮನ ಕೈಯೇ ಅಲ್ದಾ?"

"ಹೌದಲ್ದೆ ಮತ್ತೆ? ಯಾರ್ ಕೈ ಅಂದ್ಕಂಡೆ?"

"ಕೈ ಅಮ್ಮಂದ್. ಹುಡಿ ಯಾರದ್ದ್?"

ಪೇಜಿನ ತಲೆಯ ಮೇಲೆ ಪ್ರಭಾವತಿ ಮಸಾಲೆ ಅಂತ ಇರಲಿಲ್ಲ. ಮುಂಬೈಯ ಯಾವುದೋ ಕಂಪೆನಿಯ ಹೆಸರು, ಚಿನ್ನದ ಬಣ್ಣದಲ್ಲಿ. ಕೆಳಗೆ ಎಲ್ಲ ಹಾಗೇ ಇದೆ. ಅಕ್ಕ ಹುರಿಯುತ್ತಿದ್ದಾಳೆ, ಕುಟ್ಟುತ್ತಿದ್ದಾಳೆ, ನಗುತ್ತಿದ್ದಾಳೆ, ಯಾರದೋ ಪ್ಯಾಕೆಟ್ಟು ಮಾರುತ್ತಿದ್ದಾಳೆ. ಸುಗುಣ ಒಳಗೆ ಹೋಗಲು ನೋಡಿದರೆ ಬಾಗಿಲು ಹಾಕಿದೆ. ಅದೇ ವಾರ ಬೈಂದೂರಿನಿಂದ ಒಬ್ಬಳು ಫೋನು ಮಾಡಿ ಸುಗುಣಳಿಗೆ ಬೈದಳು: "ಎಂತ ಮಾರಾಯ್ತಿ, ಮರದ ಹುಡಿ ಕಳ್ಸಿದ್ಯಾ? ಅಮ್ಮ ಹೋದದ್ದೇ ತಡ, ಹೀಂಗ್ ಮಾಡುದಾ?"

ಸುಗುಣ ಅತ್ತದ್ದು ನಾನು ಕಂಡದ್ದು ಆಗ.

ಪೇಜು ಪೇಚಾಯಿತು ಭೋಜ. ಅಕ್ಕನ ಹೆಸರೂ ಮುಖವೂ ಮಗಳಿಗೆ ವಾಪಸ್ ಬರಬೇಕು, ಅದೊಂದೇ ನನಗೆ ಬೇಕಾದ್ದು. ಯಾಕೆ ಕೊಟ್ಟೆ, ಹೇಗೆ ಕೊಟ್ಟೆ, ಬರೆ.

ಸುಳ್ಳು ಹೇಳಿಯಾದರೂ ಓದಿಸುವ,
ಚಂದಯ್ಯ


ಡೊಂಬಿವಿಲಿ
9 ಜುಲೈ 2016

ಚಂದಯ್ಯ,

ನಿನ್ನ ದೋಣಿಯನ್ನು ಓದುವಾಗ ಚಾದ ಲೋಟ ಕೈಯಿಂದ ಬಿತ್ತು. ಮಗಳು ಬೈದಳು. ಈ ವಯಸ್ಸಿನಲ್ಲೂ ನಿನಗೆ ಬುದ್ಧಿ ಬರಲಿಲ್ಲ.

ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಆ ಪೇಜು ತೆರೆದದ್ದು ನನ್ನ ಫೋನಿನಲ್ಲಿ, ನನ್ನ ಹೆಸರಿನಲ್ಲಿ. ಕಂಪೆನಿಯವರು ನನ್ನನ್ನು ಹುಡುಕಿಕೊಂಡು ಬಂದರು. ನಾನಾಗಿ ಅವರ ಹತ್ತಿರ ಹೋಗಲಿಲ್ಲ. ಎಸಿ ಕೋಣೆಯಲ್ಲಿ ಕೂರಿಸಿದರು, ಶಾಲು ಹೊದಿಸಿದರು. "ನಿಮ್ಮ ಅಕ್ಕನನ್ನು ಇಡೀ ದೇಶಕ್ಕೆ ಪರಿಚಯ ಮಾಡಿಸುತ್ತೇವೆ, ಪೇಜನ್ನು ನಮ್ಮ ಕೈಗೆ ಕೊಡಿ" ಅಂದರು. ನಾನು ಕೊಟ್ಟೆ.

ನೀನು ಹೇಳಿದ ಶಬ್ದ ಮಾರುವವನಿಗೆ ಹೇಳುವಂಥದ್ದು. ನಾನು ಮಾರಲಿಲ್ಲ. ಅಕ್ಕ ಹುಟ್ಟಿದ್ದು ಕೊಕ್ಕರ್ಣೆಯಲ್ಲಿ, ಬದುಕಿದ್ದು ಕೋಡಿಯಲ್ಲಿ. ಕುಂದಾಪುರದ ಸಂತೆಯಿಂದ ಆಚೆ ಅವಳು ಲೋಕ ಕಂಡವಳಲ್ಲ. ದೊಡ್ಡ ಮನೆಯವರು ತಾವಾಗಿ ಹೆಣ್ಣು ಕೇಳಿಕೊಂಡು ಬಂದರೆ ಕೊಡುವುದಿಲ್ಲವಾ? ಹಾಗೆ ಕೊಟ್ಟೆ. ಹೆಸರು ಬದಲಿಸುತ್ತಾರೆ ಅಂತ ಯಾರೂ ನನಗೆ ಹೇಳಲಿಲ್ಲ.

ಆದರೂ ಒಂದು ಮಾತು. ಅಷ್ಟು ಜನ ಬಂದದ್ದು ಯಾರ ಕೈಗುಣಕ್ಕೆ? ಇದೇ ಸುಗುಣ ಆಗ ನನ್ನ ಕಾಲು ಮುಟ್ಟಿ ಶುರು ಮಾಡಿಸಿದಳು. ಈಗ ಮಾವನಿಗೆ ಒಂದು ಫೋನು ಮಾಡಿ ಕೇಳಲಿಲ್ಲ. ಬೈಯಲು ನಿನ್ನನ್ನು ಬಿಟ್ಟಳು.

ಇದರ ಬಗ್ಗೆ ನಾನು ಇನ್ನು ಬರೆಯುವುದಿಲ್ಲ.

ಬಾವಿಕಟ್ಟೆ ನಿಜವಾಗಿಯೂ ಸರಿ ಇದೆಯಾ?

ಭೋಜರಾಜ


ಕೋಡಿ
20 ಆಗಸ್ಟ್ 2016

ಭೋಜ,

ಬಾವಿಕಟ್ಟೆ ಸರಿ ಇದೆ. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ನಂಬಿಕೆ ಬರದಿದ್ದರೆ ಕಾಗದದ ಮೂಲೆಯಲ್ಲಿರುವ ಪಾಚಿಯ ಗುರುತು ನೋಡು, ಬೇಕೆಂದೇ ಹಚ್ಚಿದ್ದೇನೆ.

ಸುಗುಣ ಯಾಕೆ ಫೋನು ಮಾಡಲಿಲ್ಲ ಅಂತ ಕೇಳಿದೆಯಲ್ಲ. ನಾನೂ ಅದನ್ನೇ ಕೇಳಿದೆ. "ಮಾವ ಬೇಕಂದೇ ಕೊಟ್ಟಿದ್ರೆ ನಾ ಎಂತ ಹೇಳುದ್? ಬೇಕಂದ್ ಕೊಡ್ಲಿಲ್ಲ ಅಂದ್ರೆ, ಕೇಳಿರೆ ಅವ್ರಿಗ್ ಬೇಜಾರ್" ಅಂದಳು. ಅವಳ ಸಿಟ್ಟಿನಲ್ಲೂ ನಿನಗೊಂದು ಮಣೆ ಇದೆ.

ನಾವಿಬ್ಬರೂ ಕುಂದಾಪುರದಲ್ಲಿ ವಕೀಲೆ ವಿನಯಾಳ ಹತ್ತಿರ ಹೋದೆವು. ಚಿಕ್ಕ ಪ್ರಾಯದ ಹೆಣ್ಣು, ಕಪ್ಪು ಕೋಟು ಕುರ್ಚಿಗೆ ನೇತಾಡುತ್ತಿತ್ತು, ಮೇಜಿನ ಮೇಲೆ ಅರ್ಧ ತಿಂದ ಗೋಳಿಬಜೆ. ಎಲ್ಲ ಕೇಳಿ ಬಾಯಿ ಒರೆಸಿಕೊಂಡು ಹೇಳಿದಳು:

"ಶೆಟ್ರೇ, ಇದ್ರಗೆ ಎರಡ್ ವಿಷ್ಯ ಇತ್ತ್. ಗದ್ದೆ ಬೇರೆ, ಬೆಳೆ ಬೇರೆ."

"ಗದ್ದೆ ಯಾರದ್ದ್?"

"ಗದ್ದೆ ಆ ಫೇಸ್‌ಬುಕ್ಕಿನ ಅಮೆರಿಕದವ್ರದ್ದ್. ನಾವೆಲ್ಲಾ ಗೇಣಿಗ್ ಕೂಕಂಡವ್ರ್. ಅವ್ರಿಗ್ ಬ್ಯಾಡ ಅಂದ್ರೆ ನಾಳೆ ಬೆಳಿಗ್ಗೆ ಎಬ್ಸಿ ಕಳ್ಸುಕ್ ಆತ್ತ್. ಗೇಣಿಚೀಟಿ ಭೋಜರಾಜಣ್ಣನ ಹೆಸ್ರಗೆ ಇದ್ದಿತ್ತ್, ಅದ್ನ ಅವ್ರ್ ಕಂಪೆನಿಗ್ ಕೊಟ್ರ್. ಸುಗುಣಕ್ಕ ಬರೀ ನಟ್ಟಿ ಮಾಡಿದವ್ರ್."

ನನ್ನ ತಲೆಯೊಳಗೆ ಒಂದು ದೀಪ ಹೊತ್ತಿತು. ಉಳುವವನೇ ಒಡೆಯ ಅಂತ ಕಾನೂನು ಬಂದಾಗ ಗದ್ದೆ ಕಳೆದುಕೊಂಡ ಮನೆಯವನಲ್ಲವಾ ನಾನು! "ಹಾಂಗಾರೆ ಒಂದ್ ಡಿಕ್ಲರೇಶನ್ ಹಾಕುವ. ಗೇಣಿದಾರನಿಗೇ ಭೂಮಿ!"

ವಿನಯಾ ನಕ್ಕಳು. "ಅದ್ಕೆ ಇನ್ನೊಂದ್ ಸರ್ಕಾರ ಬರ್ಕ್ ಶೆಟ್ರೇ, ಇಡೀ ಭೂಮಿಗೇ ಒಂದ್."

ಭೋಜ, ನೀನೇ ಯೋಚನೆ ಮಾಡು. ನೀನು, ನಾನು, ಬಚ್ಚನ ಶೋರೂಮು, ಮದುವೆ ಪಟ ಹಾಕುವವರು, ಮಗುವಿನ ಹಲ್ಲು ಹಾಕುವವರು, ಎಲ್ಲರೂ ಒಂದೇ ಗದ್ದೆಯಲ್ಲಿ ಗೇಣಿಗೆ. ಅಂಚು ಕಾಣದ ಗದ್ದೆ. ಒಡೆಯನನ್ನು ಯಾರೂ ಕಂಡಿಲ್ಲ. ಹಿಂದಿನ ಒಡೆಯರಾದರೂ ಭತ್ತ ಅಳೆಯುವ ಹೊತ್ತಿಗೆ ಅಂಗಳಕ್ಕೆ ಬರುತ್ತಿದ್ದರು, ಒಂದು ಲೋಟ ಮಜ್ಜಿಗೆ ಕುಡಿಯುತ್ತಿದ್ದರು. ಇವನಿಗೆ ಮಜ್ಜಿಗೆ ಕೊಡುವುದು ಎಲ್ಲಿ?

"ಬೆಳೆ?" ಅಂತ ಕೇಳಿದಳು ಸುಗುಣ.

"ಬೆಳೆ ಬೆಳ್ದವ್ರದ್ದ್. ಆ ವಿಡಿಯೋ ಎಲ್ಲಾ ಎತ್ತಿದ್ ಯಾರ್?"

ಸುಗುಣ ನನ್ನ ಮುಖ ನೋಡಿದಳು. ವಿನಯಾ ಫೋನಿನಲ್ಲಿ ಒಂದನ್ನು ಹಚ್ಚಿ, ಮೂಲೆಗೆ ಬೊಟ್ಟು ಮಾಡಿದಳು. "ಇಲ್ಲೊಂದ್ ಕಪ್ಪ್ ಉಂಡೆ ಕಾಣತ್ತಲೆ, ಎಲ್ಲಾ ವಿಡಿಯೋದಗೂ ಇತ್ತ್. ಇದೆಂತ?"

ಅದು ನನ್ನ ಹೆಬ್ಬೆರಳು. ನಿನಗೆ ಗೊತ್ತಲ್ಲ, ನೀನು ಎತ್ತಿದರೆ ಕೈ ನಡುಗುತ್ತಿತ್ತು, ಸುಗುಣಳ ಕೈ ತುಂಬ ಎಣ್ಣೆ. ಹಾಗೆ ಬಿಟ್ಟಿ ಚಾ ಕುಡಿಯಲು ಬಂದ ನನ್ನ ಕೈಗೆ ಫೋನು ಕೊಡುತ್ತಿದ್ದರು. ಆ ಬೆರಳನ್ನು ನೋಡಿ ಅಕ್ಕ ಎಷ್ಟು ಸಲ ಬೈದಿಲ್ಲ!

"ಹಾಂಗಾರೆ ಎತ್ತಿದ್ ನೀವ್, ಎತ್ತುಕ್ ಹೇಳಿದ್ ಸುಗುಣಕ್ಕ" ಅಂದಳು ವಿನಯಾ. "ನಿಮ್ಮಿಬ್ರಗೆ ಯಾರದ್ದ್ ಅಂತ ಕೋರ್ಟಗೆ ವಾದ ಮಾಡ್ಲಕ್ಕ್. ಭೋಜರಾಜಣ್ಣಂದ್ ಅಂತ ವಾದ ಮಾಡುಕೇ ಬತ್ತಿಲ್ಲ. ಗೇಣಿಚೀಟಿ ಕೊಟ್ರೆ ಬೆಳೆ ಕೊಟ್ಟಾಂಗ್ ಆತ್ತಿಲ್ಲ."

"ಶೆಟ್ರದ್ದೇ ಅಂತ ಬರೀರಿ, ನಂದ್ ತಕರಾರಿಲ್ಲ" ಅಂದಳು ಸುಗುಣ.

ಒಂದು ಸೆಂಟ್ಸ್ ಜಾಗ ಇಲ್ಲದವನು ಮೆಟ್ಟಿಲು ಇಳಿಯುವಾಗ ಪ್ರಭಾವತಕ್ಕನ ಕೈ ಆಡುವ ಅಷ್ಟೂ ಚಿತ್ರಗಳಿಗೆ ಯಜಮಾನನಾಗಿದ್ದೆ. ಬಸ್ಸಿನಲ್ಲಿ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟುಕೊಂಡೇ ಕೂತೆ ಮಾರಾಯ, ತಮಾಷೆಯಲ್ಲ.

ಆದರೆ ಒಂದು ತೊಡಕು. ನಾನು ದೂರು ಕೊಟ್ಟರೆ ಅಮೆರಿಕದವರು ವಿಡಿಯೋಗಳನ್ನು ಆ ಪೇಜಿನಿಂದ ಅಳಿಸುತ್ತಾರೆ, ತಂದು ನಮಗೆ ಕೊಡುವುದಿಲ್ಲ. ಚಿತ್ರವನ್ನು ನಾವು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಕೆಳಗೆ ಜನ ಬರೆದದ್ದು ಇದೆಯಲ್ಲ, ಮಸ್ಕತ್ತಿನವನದ್ದು, ಅಕ್ಕ ಹೋದ ದಿನದ್ದು, ಅದೆಲ್ಲ ಇದ್ದಲ್ಲಿಂದ ಹೋಗುತ್ತದೆ. ಸುಗುಣ ದಿನಾ ಅದನ್ನು ಓದುತ್ತಾಳಂತೆ. "ಬ್ಯಾಡ ಶೆಟ್ರೇ" ಅಂದಳು ಬಸ್ಸಿನಲ್ಲಿ. "ಅಮ್ಮನ್ನ ಒಂದ್ಸಲ ಸುಟ್ಟಾಯ್ತ್. ನಾನೇ ಇನ್ನೊಂದ್ಸಲ ಅಳ್ಸುದಾ?"

ಹಾಗಾಗಿ ಉಳಿದ ದಾರಿ ನೀನು. ನಮ್ಮ ಕಡೆಯ ಅಳಿಯಕಟ್ಟಿನಲ್ಲಿ ಸೋದರಮಾವನೇ ಯಜಮಾನ, ಬೀಗದ ಕೈ ಅವನ ಸೊಂಟದಲ್ಲಿ. ಆಸ್ತಿ ಮಾತ್ರ ಹೆಣ್ಣುಮಕ್ಕಳದ್ದು. ಯಜಮಾನ ಕಾಯಬೇಕು, ಕೊಡುವ ಹಕ್ಕಿಲ್ಲ. ಇದನ್ನು ನಾನು ನಿನಗೆ ಹೇಳಿಕೊಡಬೇಕಾ? ಆ ಆಫೀಸಿಗೆ ಹೋಗು. ಹೆಣ್ಣು ಕೊಟ್ಟ ಮನೆಗೆ ಹೋಗಿ ಕೇಳುವ ಹಾಗೆ ಕೇಳು.

ಬೆರಳೊಂದೇ ಆಸ್ತಿಯಾದ,
ಚಂದಯ್ಯ


ಡೊಂಬಿವಿಲಿ
3 ಅಕ್ಟೋಬರ್ 2016

ಚಂದಯ್ಯ,

ಬರೆಯುವುದಿಲ್ಲ ಅಂದಿದ್ದೆ. ಬರೆಯುತ್ತಿದ್ದೇನೆ.

ಹೋಗಿದ್ದೆ. ಎರಡು ಟ್ರೈನು ಬದಲಿಸಿ, ಅದೇ ಶಾಲು ಹೊದ್ದುಕೊಂಡು. ಗುರುತು ಹಿಡಿಯಲಿ ಅಂತ. ಶಾಲು ಹೊದಿಸಿದವನು ಕೆಲಸ ಬಿಟ್ಟಿದ್ದಾನಂತೆ. ಇನ್ನೊಬ್ಬ ಹುಡುಗ ಚಾ ಕೊಟ್ಟು, "ಅಂಕಲ್, ಪೇಜು ನಮ್ಮದು. ನೀವೇ ಕೊಟ್ಟದ್ದಲ್ಲವಾ" ಅಂದ. ಬೈಯಲಿಲ್ಲ, ನಗಲೂ ಇಲ್ಲ. ಅವನು ಹೇಳಿದ್ದು ನಿಜ.

ಎದ್ದು ಹೊರಡುವಾಗ ಗೋಡೆ ಕಂಡಿತು.

ಬಾಗಿಲಿನಷ್ಟು ಎತ್ತರದ ಪಟ. ಅಕ್ಕನ ಎರಡು ಕೈ, ನಡುವೆ ಬಾಣಲೆ. ಚಂದಯ್ಯ, ನಾನು ಕೈ ಮುಗಿದೆ. ಮುಂಬೈಯ ಆಫೀಸಿನ ಗೋಡೆಯಲ್ಲಿ ನಮ್ಮ ಅಕ್ಕ, ದೇವಸ್ಥಾನದ ಬಾಗಿಲ ಹಾಗೆ. ಅವರು ಹೇಳಿದ್ದನ್ನು ಮಾಡಿದ್ದಾರೆ ಅನಿಸಿತು. ಹತ್ತಿರ ಹೋದೆ.

ಎಡಗೈಯಲ್ಲಿ ಕಲೆ ಇಲ್ಲ.

ಮೊದಲು ನನ್ನ ಕಣ್ಣಿನ ದೋಷ ಅಂದುಕೊಂಡೆ. ಕನ್ನಡಕ ಒರೆಸಿ ನೋಡಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ನುಣ್ಣಗೆ, ಮಗುವಿನ ಚರ್ಮದ ಹಾಗೆ. ಉಗುರಿಗೆ ಬಣ್ಣ. ಅಕ್ಕನ ಕಪ್ಪು ಬಳೆ ತೆಗೆದು ಚಿನ್ನದ ಬಳೆ ಇಟ್ಟಿದ್ದಾರೆ. ಆ ಹುಡುಗನ ಹತ್ತಿರ ಕೇಳಿದೆ. "ಅದು ಕಂಪ್ಯೂಟರಿನಲ್ಲಿ ಮಾಡುವುದು ಅಂಕಲ್. ಜನಕ್ಕೆ ಸುಟ್ಟ ಕೈ ಇಷ್ಟವಾಗುವುದಿಲ್ಲ" ಅಂದ.

ಶಾಲನ್ನು ಅಲ್ಲೇ ಕುರ್ಚಿಯ ಮೇಲೆ ಇಟ್ಟು ಬಂದೆ.

ನಾನು ಯಾರ ಕೈಯನ್ನು ಕೊಟ್ಟೆ ಅಂತ ನನಗೆ ಗೊತ್ತಿತ್ತು. ಅಲ್ಲಿ ಗೋಡೆಯ ಮೇಲಿರುವುದು ಯಾರ ಕೈ ಅಂತ ಗೊತ್ತಿಲ್ಲ. ಸುಗುಣಳಿಗೆ ನೀನೇ ಹೇಳು. ನನಗೆ ಆಗುವುದಿಲ್ಲ.

ಭೋಜರಾಜ


ಕೋಡಿ
25 ಅಕ್ಟೋಬರ್ 2016

ಮಾವನಿಗೆ ಸುಗುಣಳ ನಮಸ್ಕಾರ.

ನಿಮ್ಮ ಕಾಗದವನ್ನು ಶೆಟ್ರು ಓದಿ ಹೇಳಿದರು. ಅರ್ಧಕ್ಕೆ ಬಂದಾಗ ಕಾಗದವನ್ನು ನನ್ನ ಕೈಗೆ ಕೊಟ್ಟರು, ಉಳಿದದ್ದು ನಾನೇ ಓದಿಕೊಂಡೆ.

ಆ ಕಲೆ ನನ್ನದು ಮಾವ. ನಾನು ಅಂಬೆಗಾಲಿಡುತ್ತಿದ್ದಾಗ ಒಲೆಯ ಹತ್ತಿರ ಹೋದೆನಂತೆ, ಬಾಣಲೆ ಮಗುಚುವ ಹೊತ್ತಿಗೆ ಅಮ್ಮ ಕೈ ಅಡ್ಡ ಹಿಡಿದಳಂತೆ. ನನ್ನ ಮೈಯಲ್ಲಿ ಇರಬೇಕಾದದ್ದು ಅವಳ ಕೈಯಲ್ಲಿತ್ತು. ಅದನ್ನೇ ಅಳಿಸಿದ್ದಾರೆ. ಹೆಸರು ಬದಲಿಸಿದಾಗ ಸಿಟ್ಟು ಬಂದಿತ್ತು, ಇದಕ್ಕೆ ಸಿಟ್ಟೂ ಬರಲಿಲ್ಲ. ಅಮ್ಮನ ಬಾಣಲೆ ತೆಗೆದು ತಿಕ್ಕುತ್ತಾ ಕೂತೆ.

ಈಗ ಯೋಚನೆ ಬದಲಾಗಿದೆ. ಅಮ್ಮ ಅಲ್ಲಿ ಇರಬಾರದು. ವಿಡಿಯೋ ಎಲ್ಲ ಇಳಿಸಿಕೊಂಡೆ. ಜನ ಬರೆದದ್ದನ್ನೂ ಒಂದೊಂದಾಗಿ ಪಟ ತೆಗೆದಿಟ್ಟೆ. ಮುಗಿಯುವುದೇ ಇಲ್ಲ ಮಾವ, ಸಮುದ್ರದ ನೀರು ಚೆಂಬಿನಲ್ಲಿ ಮೊಗೆದ ಹಾಗೆ. ಎಷ್ಟು ಜನ ಅಮ್ಮನನ್ನು ಅಮ್ಮ ಅಂತ ಕರೆದಿದ್ದಾರೆ! ನಾನೊಬ್ಬಳೇ ಮಗಳು ಅಂತ ತಿಳಿದಿದ್ದೆ. ಆದರೆ ದೂರು ಕೊಡಲು ಕೂತರೆ ಕೈ ಏಳುವುದಿಲ್ಲ. ಶೆಟ್ರಿಗೂ ಹೇಳಿದೆ, "ಅದ್ ಹೋಪುದೇ ಸರಿ, ಆರೆ ನನ್ನ ಕೈಯಗೆ ಆಪುದಲ್ಲ, ನನ್ನ ಕಣ್ಣೆದ್ರಿಗೂ ಆಪುದ್ ಬ್ಯಾಡ" ಅಂತ. ಅವರು ಛತ್ರಿ ತೆಗೆದುಕೊಂಡು ಮನೆಗೆ ಹೋದರು.

ಹೊಸ ಪೇಜು ತೆರೆಯುತ್ತೇನೆ. ಈ ಸಲ ನನ್ನ ಫೋನು, ನನ್ನ ಹೆಸರು. ಬೇಜಾರು ಮಾಡಬೇಡಿ. ಕೈಗುಣದವರು ಬೋಣಿ ಮಾಡಿ ಎದ್ದು ಹೋಗಬೇಕು, ಗಲ್ಲಾಪೆಟ್ಟಿಗೆಯ ಮೇಲೆ ಕೂರಬಾರದು ಅಂತ ಶೆಟ್ರು ಹೇಳುತ್ತಾರೆ. ಮಾತು ಒರಟು, ಆದರೆ ಸರಿ. ಮೊದಲ ಪೊಟ್ಟಣ ಮಾತ್ರ ನೀವೇ ತೆಗೆದುಕೊಳ್ಳಬೇಕು. ಬೇರೆ ಯಾರಿಗೂ ಮೊದಲು ಕೊಡುವುದಿಲ್ಲ.

ಅಕ್ಕನ ಮಗಳು,
ಸುಗುಣ


ಕೋಡಿ
22 ಜನವರಿ 2017

ಭೋಜ,

ಊರಿನಲ್ಲಿ ನಿನ್ನ ಹೆಸರು ಮತ್ತೆ ಏರಿದೆ. ಕೂತಲ್ಲೇ ಕೂತಿರು, ತಲೆ ಮಾಡಿನ ಹಂಚಿಗೆ ತಾಗೀತು.

ಡಿಸೆಂಬರಿನಲ್ಲಿ ಆ ಕಂಪೆನಿಯ ಪೇಜಿನಿಂದ ಪ್ರಭಾವತಕ್ಕನ ವಿಡಿಯೋಗಳು ಒಂದೊಂದಾಗಿ ಹೋದವು. ಈಗ ಅಲ್ಲಿ ಅವಳಿದ್ದ ಒಂದೇ ಒಂದು ಚಿತ್ರವಿಲ್ಲ. ಚಿನ್ನದ ಬಣ್ಣದ ಹೆಸರು ಮಾತ್ರ ಉಳಿದಿದೆ, ಪಾತ್ರೆ ಖಾಲಿಯಾದ ಮೇಲಿನ ಮುಚ್ಚಳದ ಹಾಗೆ. ಕೋಡಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಬಚ್ಚ ಶೋರೂಮಿನಲ್ಲಿ ಗಿರಾಕಿಗಳಿಗೆಲ್ಲ ಹೇಳುತ್ತಾನೆ: "ಭೋಜಣ್ಣ ಮುಂಬೈ ಆಫೀಸಿಗ್ ಹೋಯಿ, ಶಾಲ್ ತೆಗ್ದ್ ಬಿಸಾಕಿ ಬಂದ್ರಂಬ್ರ್. ಕಂಪೆನಿಯವ್ರ್ ಹೆದ್ರಿ ತಾವಾಯೇ ತೆಗ್ದ್ರ್." ಕುರ್ಚಿಯ ಮೇಲಿಟ್ಟ ಶಾಲು ಬಚ್ಚನ ಬಾಯಲ್ಲಿ ಯಾರದೋ ಮುಖದ ಮೇಲೆ ಬಿದ್ದಿದೆ. ಮುತ್ತನ ಮಾತಿನಲ್ಲಿ ನೀನು ಮೇಜನ್ನೂ ಮಗುಚಿದ್ದೀಯ.

ಹೊಸ ಪೇಜಿನ ಸುದ್ದಿ ಕೇಳು. ಸುಗುಣ ಸ್ನಾನ ಮಾಡಿ, ದೀಪ ಹಚ್ಚಿ, ಅಮ್ಮನ ಬಾಣಲೆಯ ಎದುರು ಕೂತು ತಾನೇ ತೆರೆದಳು. ಹೆಸರು ಅದೇ, ಪ್ರಭಾವತಿ ಮಸಾಲೆ. ಮೊದಲಿಗೆ ಅಲ್ಲಿ ಇದ್ದವರು ಅವಳು, ನಾನು, ಮತ್ತು ಹೆಂಡತಿಯ ಫೋನಿನಿಂದ ಬಂದ ಮುತ್ತ. ಎಷ್ಟೋ ಸಾವಿರ ಜನರ ಸಂತೆಯಿಂದ ಎದ್ದು ಬಂದು ಬರೀ ಮರಳಿನ ಮೇಲೆ ಚಾಪೆ ಹಾಕಿದ ಹಾಗೆ. ನಾನು ಅವಳ ಮುಖ ನೋಡುತ್ತಿದ್ದೆ. ಅವಳು ಹೆದರಲಿಲ್ಲ. ಮೆಣಸಿನ ತೊಟ್ಟು ತೆಗೆಯುತ್ತಾ, "ಅಮ್ಮನೂ ಹೀಂಗೇ ಅಲ್ದಾ ಶೆಟ್ರೇ, ಒಂದ್ ಪೊಟ್ಟಣದಂಗೇ ಶುರು ಮಾಡಿದ್" ಅಂದಳು. ನಲವತ್ತು ದಾಟಿದ ಹೆಂಗಸು, ಇದ್ದದ್ದೆಲ್ಲ ಬಿಟ್ಟು ಮೊದಲಿನಿಂದ. ನಾನು ಕಡಲಿನ ಅಬ್ಬರ ಕಂಡವನು, ಅದರ ಮುಂದೆಯೂ ಹೀಗೆ ಬೆರಗಾಗಿ ನಿಂತವನಲ್ಲ.

ನಿನ್ನ ಆರ್ಡರು ಬಂದಾಗ ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಮಾವ ಬಂದ್ರ್" ಅಂದಳು, ನೀನು ಬಾಗಿಲಲ್ಲಿ ನಿಂತ ಹಾಗೆ. ಆಮೇಲೆ ಮಸ್ಕತ್ತಿನವನು ಹೇಗೋ ದಾರಿ ಹುಡುಕಿಕೊಂಡು ಬಂದ. "ಇದು ಅಸಲಿಯಾ?" ಅಂತ ಕೇಳಿದ. ಸುಗುಣ ಬರಹದಲ್ಲಿ ಉತ್ತರ ಕೊಡಲಿಲ್ಲ. ಅಮ್ಮನ ಹಳೆಯ ಚಿತ್ರ ಒಂದನ್ನು ಹಾಕಿದಳು, ಎಡಗೈ ಮುಂದಿರುವಂಥದ್ದು. ಅವತ್ತು ಸಂಜೆಯೊಳಗೆ ಬೈಂದೂರಿನ ಬೈದವಳೂ ಬಂದಳು, ಬ್ರಹ್ಮಾವರದ ಎರಡು ಹೋಟೆಲಿನವರೂ ಬಂದರು. ಹಳೆ ಸಂತೆಯಷ್ಟು ಆಗಲು ವರ್ಷಗಳು ಬೇಕು, ಆಗದೆಯೂ ಇರಬಹುದು. ಗದ್ದೆ ಇನ್ನೂ ಆ ಅಮೆರಿಕದವನದ್ದೇ. ಅದಕ್ಕೆ ಸುಗುಣ ಈಗ ಪ್ರತಿ ಗಿರಾಕಿಯ ಫೋನು ನಂಬರನ್ನೂ ತನ್ನ ಹತ್ತಿರ ಬೇರೆ ಇಟ್ಟುಕೊಳ್ಳುತ್ತಾಳೆ. ನಾಳೆ ಒಡೆಯ ಎಬ್ಬಿಸಿದರೂ ಗಿರಾಕಿಗಳ ಕೈ ಬಿಡಬಾರದು ಅಂತ.

ಏಪ್ರಿಲಿನಲ್ಲಿ ಊರಿಗೆ ಬರುತ್ತೇನೆ ಅಂತ ಅವಳಿಗೆ ಬರೆದಿದ್ದೀಯಂತೆ. ಬಾ. ಕೋಡಿಯಲ್ಲಿ ನಿನ್ನ ಬೆನ್ನು ತಟ್ಟುವವರ ಸಾಲು ಇರುತ್ತದೆ. ತಟ್ಟಿಸಿಕೋ. ಇಲ್ಲ ಅನ್ನಬೇಡ.

ಆದರೆ ನಿನಗೆ ಮಾತ್ರ ಒಂದು ಹೇಳಬೇಕು. ಈ ಕಾಗದವನ್ನು ಓದಿ ಒಲೆಗೆ ಹಾಕು.

ಕಂಪೆನಿಯವರು ಹೆದರಲೂ ಇಲ್ಲ, ನಾಚಲೂ ಇಲ್ಲ. ತಾವಾಗಿ ಏನನ್ನೂ ತೆಗೆಯಲಿಲ್ಲ. ನೀನು ಹೋಗಿ ಬಂದದ್ದಕ್ಕೇ ತೆಗೆದರು ಅಂತ ಬಚ್ಚನ ಕಿವಿಯಲ್ಲಿ ಹಾಕಿದವನು ನಾನು. ಬಚ್ಚನ ಕಿವಿಗೆ ಹಾಕಿದರೆ ಊರಿಗೆ ಹಾಕಿದ ಹಾಗೆ. ಸುಗುಣಳಿಗೂ ಅದನ್ನೇ ಹೇಳಿದೆ. ಅವಳು ನನ್ನ ಹೆಬ್ಬೆರಳನ್ನು ನೋಡಿದಳು, "ಹೌದಾ" ಅಂದಳು, ಮೆಣಸಿನ ತೊಟ್ಟು ತೆಗೆಯಲು ಕೂತಳು.

ದೂರು ಕೊಟ್ಟವನು ನಾನು. ನವೆಂಬರಿನ ಒಂದು ಮಧ್ಯಾಹ್ನ ಸುಗುಣ ಮೆಣಸು ಒಣಗಿಸುತ್ತಿದ್ದಾಗ ವಿನಯಾಳ ಆಫೀಸಿನಲ್ಲಿ ಕೂತು ಕೊಟ್ಟೆ. ವಿಡಿಯೋ ಒಂದೊಂದಕ್ಕೂ ಬೇರೆ ಬೇರೆ. ಪ್ರತಿ ಸಲ ಆ ದೂರಿನ ಫಾರಂ ಕೇಳುತ್ತದೆ, ಇದು ನಿನ್ನದೇನಾ, ನೀನು ಹೇಳುವುದು ಸತ್ಯವಾ ಅಂತ. ಜನ್ಮದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿದವರಿಲ್ಲ, ಕೇಳಿ ಪ್ರಯೋಜನವಿಲ್ಲ ಅಂತ. ವಿನಯಾ ಓದಿ ಹೇಳಿದಳು, ನಾನು ಹೌದು ಹೌದು ಅನ್ನುತ್ತಾ ಹೋದೆ. ಪ್ರತಿಯೊಂದಕ್ಕೂ ಮೊದಲು ವಿಡಿಯೋವನ್ನು ಪೂರ್ತಿ ನೋಡಿದೆ. ಕೊನೆಯದರಲ್ಲಿ ಅಕ್ಕ ನನ್ನನ್ನು ಬೈಯುತ್ತಿದ್ದಳು: "ಹ್ವಾಯ್ ಚಂದಯ್ಯ, ಸರಿಯಾಯ್ ಹಿಡ್ಕಣಿ ಮಾರಾಯ್ರೆ, ಹುಡಿ ಕಾಣ್ಕ್, ನಿಮ್ಮ ಬೆರಳಲ್ಲ." ಕೆಳಗೆ ಜನ ನಕ್ಕು ನಕ್ಕು ಬರೆದಿದ್ದರು, ಆ ಬೆರಳು ಯಾರದು ಅಂತ. ಅದನ್ನು ಇನ್ನೊಮ್ಮೆ ನೋಡಿದೆ. ವಿನಯಾ ಕಿಟಕಿಯ ಕಡೆ ತಿರುಗಿ ನಿಂತಳು. ಒತ್ತಿದೆ.

ಬಸ್ಸು ಹಿಡಿದು ಕೋಡಿಗೆ ಬಂದೆ. ಸುಗುಣ ಅಂಗಳದಲ್ಲಿ ಮೆಣಸು ಕೆದಕುತ್ತಿದ್ದಳು. "ಚಾ ಕುಡೀತ್ರ್ಯಾ ಶೆಟ್ರೇ?" ಅಂತ ಕೇಳಿದಳು.

ಕುಡಿದೆ.

ಚಂದಯ್ಯ